ದುಬಾರಿ ಹೊತ್ತಿನ ಕರೆಂಟು

ಹೋಬಾರ್ಟ್
ಸೆಪ್ಟೆಂಬರ್ 18, ಗುರುವಾರ

ಪ್ರಿಯ ಲೋರ್ನಾ,

ನನ್ನ ಸೊಂಟದ ಹಳೇ ಕೀಲು ತೆಗೆದು ಹೊಸದು ಹಾಕಿದ್ದಾಯಿತು. ಡಾಕ್ಟರು ಹೇಳುವ ಪ್ರಕಾರ ಅದು ನನಗಿಂತ ಹೆಚ್ಚು ವರ್ಷ ಬಾಳುತ್ತದಂತೆ. ಬಾಳಲಿ, ನನಗೇನೂ ಅಸೂಯೆಯಿಲ್ಲ. ಡಿಸೆಂಬರ್ ತನಕ ನಾನು ಇಲ್ಲೇ, ಮಗಳು ಜ್ಯಾನೀನಳ ಮನೆಯಲ್ಲೇ ಇರಬೇಕು ಅಂತ ತೀರ್ಪಾಗಿದೆ. ಫೋನ್ ಮಾಡಬಹುದಿತ್ತು, ಆದರೆ ನಿಮ್ಮ ಕಿವಿಯ ಯಂತ್ರ ಫೋನ್ ಹತ್ತಿರ ಬಂದ ಕೂಡಲೇ ಶಿಳ್ಳೆ ಹೊಡೆಯುತ್ತದೆ. ನಾನು ಹೇಳಿದ್ದು ನಿಮಗೆ ಕೇಳುವುದಿಲ್ಲ, ನೀವು ಬೈದದ್ದು ಮಾತ್ರ ನನಗೆ ಕೇಳುತ್ತದೆ. ಆದ್ದರಿಂದ ಕಾಗದ.

ಈಗ ವಿಷಯಕ್ಕೆ ಬರುತ್ತೇನೆ. ನಿಮಗೆ ಕಂಪ್ಯೂಟರ್ ಬೇಡವೆಂದು, ಕರೆಂಟಿನ ಹೊಸ ದರಕ್ಕೆ ಬದಲಾಯಿಸುವಾಗ ನನ್ನ ಇಮೇಲ್ ಕೊಟ್ಟಿದ್ದೆ, ನೆನಪಿದೆಯಲ್ಲ? ಆವತ್ತಿನಿಂದ ನಿಮ್ಮ ಮನೆಯ ಮೀಟರು ದಿನಾ ಬೆಳಿಗ್ಗೆ ಹಿಂದಿನ ದಿನದ ಪಟ್ಟಿ ಕಳಿಸುತ್ತದೆ, ಅರ್ಧರ್ಧ ಗಂಟೆಗೆ ಒಂದೊಂದು ಕಂಬ, ಉರಿದ ಕರೆಂಟಿನಷ್ಟು ಎತ್ತರ. ಮೂವತ್ತೊಂದು ವರ್ಷ ಮೂಂಟಾದ ಬೀದಿ ಬೀದಿ ಅಲೆದು ಮೀಟರು ಓದಿದವನು ನಾನು. ಬೇರೆಯವರು ಆಸ್ಪತ್ರೆಯಲ್ಲಿ ಪತ್ತೇದಾರಿ ಕಾದಂಬರಿ ಓದುತ್ತಾರೆ, ನಾನು ನಿಮ್ಮ ಕಂಬಗಳನ್ನು ಓದುತ್ತೇನೆ. ಏಳಕ್ಕೊಂದು ಕುಳ್ಳ ಕಂಬ, ಅದು ಕೆಟಲ್. ಎಂಟಕ್ಕೆ ಟೋಸ್ಟರ್. ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಓವನ್. ಪಾಸ್ಟಿ! ನಾನಿಲ್ಲದಿದ್ದರೂ, ಮಾಂಸ ಆಲೂಗಡ್ಡೆ ತುಂಬಿ ಮಡಿಸಿದ ನಿಮ್ಮ ಪಾಸ್ಟಿ ಬೇಯುತ್ತಿದೆ ಎಂದು ನೋಡಿ ಕಣ್ಣು ಒದ್ದೆಯಾಯಿತು. ನರ್ಸ್ ಬಂದು ನೋವಿನ ಮಾತ್ರೆ ಕೊಟ್ಟಳು.

ಆದರೆ ಲೋರ್ನಾ, ಹೋದ ಶುಕ್ರವಾರವೂ ಮೊನ್ನೆ ಮಂಗಳವಾರವೂ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಒಂದು ಕಂಬ ನಿಂತಿದೆ. ಕಂಬವಲ್ಲ ಅದು, ಗೋಪುರ. ನಿಮ್ಮ ಕೆಟಲ್, ಓವನ್, ವಾಷಿಂಗ್ ಮೆಷಿನ್ ಎಲ್ಲ ಒಂದರ ಹೆಗಲ ಮೇಲೊಂದು ಹತ್ತಿ ನಿಂತರೂ ಅಷ್ಟೆತ್ತರ ಬರುವುದಿಲ್ಲ. ವೆಲ್ಡಿಂಗ್ ಕಲಿಯುತ್ತಿದ್ದೀರಾ?

ಕುತೂಹಲಕ್ಕೆ ಕೇಳಿದೆ, ಅಷ್ಟೇ.

ನಿಮ್ಮ
ಮರ್ವಿನ್ ರೋವೆಟ್


ಮೂಂಟಾ
ಸೆಪ್ಟೆಂಬರ್ 24

ಪ್ರಿಯ ಮರ್ವಿನ್,

ಕೀಲು ಚೆನ್ನಾಗಿ ಕೂತಿದೆ ಅಂತ ಕೇಳಿ ಸಂತೋಷ. ಅದಕ್ಕಾದರೂ ಒಂದು ಕಡೆ ಸುಮ್ಮನೆ ಕೂರುವುದು ಗೊತ್ತಿದೆಯಲ್ಲ.

ವೆಲ್ಡಿಂಗ್ ಅಲ್ಲ. ಟ್ರೆವರ್ ನ್ಯಾನ್‌ಕಿವೆಲ್ ಕರೆಂಟಿನ ಕಾರು ತೆಗೆದುಕೊಂಡಿದ್ದಾನೆ. ಪಾಪ, ಅವನಿರುವುದು ಅಂಗಡಿಯ ಮೇಲಿನ ಬಾಡಿಗೆ ಕೋಣೆ. ಅಲ್ಲಿಂದ ಬೀದಿಗೆ ವೈರು ಇಳಿಬಿಟ್ಟರೆ ಪುರಸಭೆಯವರು ಸುಮ್ಮನಿರುತ್ತಾರಾ? ನನ್ನ ಮನೆ ಪಕ್ಕದ ಚಪ್ಪರದಲ್ಲಿ ಕಾರಿಗೆ ಅಂತಲೇ ಹಾಕಿಸಿದ ಪ್ಲಗ್ಗು ಎರಡು ವರ್ಷದಿಂದ ಜೇಡರ ಬಲೆ ಕಟ್ಟಿಕೊಂಡು ಬಿದ್ದಿತ್ತು. ಹಾಕಿಸಿದ್ದು ಯಾರು? ನೀವೇ. "ಇರಲಿ ಲೋರ್ನಾ, ಮುಂದೆ ಯಾರಿಗಾದರೂ ಬೇಕಾಗಬಹುದು" ಅಂದಿರಿ. ಟ್ರೆವರ್‌ಗೆ ಬೇಕಾಯಿತು. ನಿಮ್ಮ ದೂರದೃಷ್ಟಿ ದೊಡ್ಡದು.

ಹತ್ತರಿಂದ ಮೂರರವರೆಗೆ ಅಗ್ಗ, ಅದಕ್ಕೆ ಮುಂಚೆಯೂ ಆಮೇಲೂ ದುಬಾರಿ ಅಂತ ನೀವು ಹೇಳಿಕೊಟ್ಟಿದ್ದನ್ನೇ ಅವನಿಗೂ ಹೇಳಿದ್ದೇನೆ. ಬದಲಿಗೆ ಮೀನು ತಂದು ಕೊಡುತ್ತಾನೆ. ಹೋದ ವಾರ ವೈಟಿಂಗ್ ಮೀನು ತಂದಿದ್ದ, ಮುಳ್ಳು ಬಿಡಿಸಿ, ಕಾಗದದಲ್ಲಿ ಸುತ್ತಿ.

ಲೋರ್ನಾ ಪೆಂಗಿಲಿ

ವಿ.ಸೂ.: ನನ್ನ ಕಂಬಗಳನ್ನು ಓದುವುದಕ್ಕೆ ನಿಮಗೆ ಯಾರು ಹೇಳಿದರು?


ಹೋಬಾರ್ಟ್
ಸೆಪ್ಟೆಂಬರ್ 30

ಪ್ರಿಯ ಲೋರ್ನಾ,

ಟ್ರೆವರ್ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ದಾಖಲೆ ಮಾಡಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದು ಅವನ ಬಗ್ಗೆಯೇ.

ಮುಳ್ಳು ಬಿಡಿಸಿ ಕೊಟ್ಟನೇ? ನಾನು ಆರು ವರ್ಷದಿಂದ ಪ್ರತಿ ಶುಕ್ರವಾರ ನಿಮ್ಮ ಮನೆಗೆ ಬರುತ್ತಿದ್ದೇನೆ, ಒಂದು ದಿನವಾದರೂ ಮೀನು ತಂದು ನಿಮ್ಮನ್ನು ಮುಜುಗರಕ್ಕೆ ಸಿಕ್ಕಿಸಿದ್ದೇನೆಯೇ? ಬರಿಗೈಯಲ್ಲಿ ಬಂದು, ತಿಂದು, ಶಿಸ್ತಾಗಿ ಹೋಗಿದ್ದೇನೆ. ಮುಳ್ಳು ಬಿಡಿಸಿದ ಮೀನು ಕೊಡುವ ಗಂಡಸಿನ ಮನಸ್ಸಿನಲ್ಲಿ ಮೀನಿರುವುದಿಲ್ಲ.

ಎರಡನೆಯದು, ಪ್ಲಗ್ಗು. "ಯಾರಿಗಾದರೂ" ಎಂದದ್ದು ನಿಜ. ಆ ಯಾರಾದರೂ ಯಾರು ಎಂದು ನಾನು ಹೇಳಲಿಲ್ಲ, ನೀವು ಕೇಳಲಿಲ್ಲ. ನನ್ನ ಹಳೇ ಕಾರು ಈ ವರ್ಷವೋ ಮುಂದಿನ ವರ್ಷವೋ ಕಣ್ಣು ಮುಚ್ಚಿದ ಮೇಲೆ ನಾನೂ ಕರೆಂಟಿನ ಕಾರು ತೆಗೆದುಕೊಂಡು, ಹತ್ತು ಗಂಟೆಗೆ ಬಂದು ಸಿಕ್ಕಿಸಿ... ಅದಿರಲಿ. ಕಾರು ಸಾಯಲಿಲ್ಲ. ಹಾಳಾದ್ದು ಗಟ್ಟಿ ಕಾರು.

ಮೂರನೆಯದನ್ನು ಜ್ಯಾನೀನ್ ಬೇಡವೆಂದಳು. "ಅಪ್ಪಾ, ಎಪ್ಪತ್ತೆರಡು ವರ್ಷ ನಿನಗೆ. ಪಾಸ್ಟಿ ವಿಷಯಕ್ಕೆ ಒಬ್ಬ ಹೆಂಗಸಿನ ಹತ್ತಿರ ಪಾಟೀಸವಾಲು ಮಾಡ್ತೀಯಾ? ನಾಚಿಕೆ ಆಗಲ್ವಾ?" ನಾಚಿಕೆ ಆಗುತ್ತದೆ. ಆದರೂ ಕೇಳುತ್ತೇನೆ. ಶುಕ್ರವಾರ ಕಾರಿನ ಗೋಪುರ ಮುಗಿದ ಅರ್ಧ ಗಂಟೆಗೆ ಓವನ್ ಕಂಬ ಏಳುತ್ತದೆ. ಟ್ರೆವರ್ ಪಾಸ್ಟಿ ತಿನ್ನುತ್ತಾನೆಯೇ? ತಿಂದರೆ, ಅದರ ಮೂಲೆಯಲ್ಲಿ ಅವನ ಹೆಸರಿನ ಅಕ್ಷರ ಕೂರಿಸಿದ್ದೀರಾ? ನಮ್ಮೂರಲ್ಲಿ ಗಣಿ ಇದ್ದ ಕಾಲದಿಂದ ಯಾರ ಪಾಸ್ಟಿ ಅಂತ ಮೂಲೆಯ ಅಕ್ಷರ ಹೇಳಬೇಕು, ಅಕ್ಷರ ಮನೆಯವರಿಗೆ ಮಾತ್ರ. ನಮ್ಮ ಅಜ್ಜಿ ಪಾದ್ರಿಗೂ ಬೋಳು ಪಾಸ್ಟಿಯನ್ನೇ ಕೊಟ್ಟವಳು. ನನ್ನ ಅಕ್ಷರವನ್ನು ನೀವು ಮೊದಲ ಸಲ ಕೂರಿಸಿದ್ದು ನಾಲ್ಕು ವರ್ಷದ ಹಿಂದೆ, ಮೇ ತಿಂಗಳಲ್ಲಿ. ಮೂಲೆಯನ್ನು ಕೊನೆಗೆ ತಿಂದೆ.

ನಿಮ್ಮ
ಮರ್ವಿನ್


ಮೂಂಟಾ
ಅಕ್ಟೋಬರ್ 7

ಮರ್ವಿನ್,

ನನ್ನ ಹಿಟ್ಟು, ನನ್ನ ಚಾಕು. ಯಾರ ಮೂಲೆಯಲ್ಲಿ ಏನು ಕೂರಿಸಬೇಕು ಅಂತ ಹೋಬಾರ್ಟಿನಿಂದ ಅಪ್ಪಣೆ ಬರಬೇಕಾಗಿಲ್ಲ.

ಆದರೂ ನಿಮ್ಮ ಸೊಂಟದ ನೆಮ್ಮದಿಗೋಸ್ಕರ ಬರೆಯುತ್ತೇನೆ, ಒಂದೇ ಸಲ. ಮಂಗಳವಾರ, ಶುಕ್ರವಾರ ಹತ್ತರಿಂದ ಒಂದರವರೆಗೆ ನಾನು ಮನೆಯಲ್ಲೇ ಇರುವುದಿಲ್ಲ. ಆಸ್ಪತ್ರೆಗೆ ಹಣ ಕೂಡಿಸುವ ಹಳೇ ಸಾಮಾನಿನ ಅಂಗಡಿಯಲ್ಲಿ ಗ್ಲೆನಿಸ್ ಜೊತೆ ಸತ್ತವರ ಕೋಟುಗಳಿಗೆ ಬೆಲೆಯ ಚೀಟಿ ಅಂಟಿಸುತ್ತಿರುತ್ತೇನೆ. ನಾನು ಹೊರಟ ಮೇಲೆ ಟ್ರೆವರ್ ಬಂದು ಕಾರು ಸಿಕ್ಕಿಸಿ ಹೋಗುತ್ತಾನೆ. ಮನೆಗೆ ಬೀಗ. ಕೀಲಿ ನನ್ನ ಕೈಚೀಲದಲ್ಲಿ. ಒಂದಕ್ಕೆ ನಾನು ಬರುತ್ತೇನೆ, ಅವನು ವೈರು ಕೀಳುತ್ತಾನೆ, ಒಂದು ಲೋಟ ಟೀ ಕುಡಿಯುತ್ತಾನೆ. ಶುಕ್ರವಾರವಾದರೆ ಪಾಸ್ಟಿ ಬೇಯುವ ತನಕ ಕೂತಿರುತ್ತಾನೆ. ಅವನು ಮಾತಾಡುತ್ತಾನೆ. ಎದುರು ಕೂತವರು ಮಾತಾಡಿದರೆ ಹೇಗಿರುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು.

ಮೊನ್ನೆ ಭಾನುವಾರ ಬೇಸಿಗೆಯ ನಿಯಮದಂತೆ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ಇಟ್ಟೆ. ಗೋಡೆಯ ಗಡಿಯಾರಕ್ಕೆ ಏಣಿ ಹತ್ತಬೇಕಿತ್ತು. ಪ್ರತಿ ವರ್ಷ ನೀವು ಹತ್ತುತ್ತಿದ್ದಿರಿ.

ಲೋರ್ನಾ


ಹೋಬಾರ್ಟ್
ಅಕ್ಟೋಬರ್ 15

ಶ್ರೀಮತಿ ಪೆಂಗಿಲಿ ಅವರಿಗೆ,

ಏಣಿಯನ್ನು ಹಿಡಿದದ್ದು ಯಾರು ಎಂದು ನಾನು ಕೇಳುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ ನನ್ನ ಕೈಗೆ ಬಂದಿದೆ.

ನಿಮ್ಮ ಕಾಗದ ಎಡಗೈಯಲ್ಲಿ, ಹೋದ ಶುಕ್ರವಾರದ ಪಟ್ಟಿ ಬಲಗೈಯಲ್ಲಿ ಹಿಡಿದು ಬರೆಯುತ್ತಿದ್ದೇನೆ. (ಊರುಗೋಲು ಕಂಕುಳಲ್ಲಿದೆ.) ಒಂದಕ್ಕೆ ಮೊದಲು ನೀವು ಮನೆಯಲ್ಲಿರುವುದಿಲ್ಲ, ಬೀಗ ಹಾಕಿರುತ್ತದೆ, ಕೀಲಿ ಕೈಚೀಲದಲ್ಲಿ. ಸರಿ. ಹಾಗಾದರೆ ಹನ್ನೆರಡಕ್ಕೆ ಕೆಟಲ್ ಇಟ್ಟವರು ಯಾರು? ಹನ್ನೆರಡೂವರೆಗೆ ಓವನ್ ಹಚ್ಚಿದವರು ಯಾರು? ಬೆಕ್ಕು ಎಂದು ಮಾತ್ರ ಹೇಳಬೇಡಿ.

ನಾನೇ ಹೇಳುತ್ತೇನೆ. ಟ್ರೆವರ್ ಕೈಯಲ್ಲಿ ನಿಮ್ಮ ಮನೆ ಕೀಲಿ ಇದೆ. ಆರು ವರ್ಷ ನಾನು ಬಾಗಿಲು ತಟ್ಟಿಯೇ ಒಳಗೆ ಬಂದವನು. ಮಳೆಯಲ್ಲೂ ತಟ್ಟಿದ್ದೇನೆ. ನಿಮ್ಮ ಕಿವಿಯಿಂದಾಗಿ ಎರಡೆರಡು ಸಲ ತಟ್ಟಿದ್ದೇನೆ. ಅವನು ಐದು ವಾರದಲ್ಲಿ ಕೀಲಿ ತಿರುಗಿಸಿ, ಕೆಟಲ್ ಇಟ್ಟು, ನನ್ನ ಕುರ್ಚಿಯಲ್ಲಿ ಕೂತು ನಿಮಗಾಗಿ ಕಾಯುತ್ತಾನೆ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನನ್ನನ್ನು ಕೊಂದದ್ದು ಕಾರಿನ ಗೋಪುರ. ಹೋದ ವಾರದಿಂದ ಅದು ಹತ್ತಕ್ಕಲ್ಲ, ಒಂಬತ್ತಕ್ಕೇ ಶುರುವಾಗುತ್ತಿದೆ. ಒಂಬತ್ತು ದುಬಾರಿ ಹೊತ್ತು! ಮೂವತ್ತೊಂದು ವರ್ಷದ ಅನುಭವದಿಂದ ಹೇಳುತ್ತೇನೆ, ಒಂದು ಗಂಟೆ ಕಾದರೆ ಅಗ್ಗಕ್ಕೆ ಸಿಗುವ ಕರೆಂಟನ್ನು ದುಬಾರಿ ಹೊತ್ತಿನಲ್ಲಿ ಉರಿಸುವವನು ಒಂದೋ ದಡ್ಡ, ಇಲ್ಲವೇ ಪ್ರೀತಿಯಲ್ಲಿ ಬಿದ್ದವನು. ಟ್ರೆವರ್ ದಡ್ಡನಲ್ಲ. ನೀವು ಹತ್ತಕ್ಕೆ ಹೊರಡುವ ಮೊದಲು ಒಂದು ಗಂಟೆ ನಿಮ್ಮ ಮುಖ ನೋಡಬೇಕೆಂದು ಅವನು ದುಬಾರಿ ಹೊತ್ತಿಗೇ ಬಂದು ಸಿಕ್ಕಿಸುತ್ತಿದ್ದಾನೆ. ನೀವು ಸಿಕ್ಕಿಸಲು ಬಿಡುತ್ತಿದ್ದೀರಿ.

ಸುಳ್ಳು ಹೇಳಬೇಕಾಗಿರಲಿಲ್ಲ. ಮೀಟರು ಸುಳ್ಳು ಹೇಳುವುದಿಲ್ಲ.

ಎಂ. ರೋವೆಟ್


ಹೋಬಾರ್ಟ್
ಅಕ್ಟೋಬರ್ 29

ಪ್ರಿಯ ಲೋರ್ನಾ,

ಉತ್ತರವಿಲ್ಲ. ಟಪಾಲಿನವನು ಈಗ ನನ್ನನ್ನು ಕಂಡರೆ ಬೇಲಿಯ ಆಚೆ ಬದಿಯಿಂದ ಹೋಗುತ್ತಾನೆ.

ಹೋದ ಶುಕ್ರವಾರ ಓವನ್ ಕಂಬ ಏಳಲಿಲ್ಲ. ಕಾರಿನ ಗೋಪುರವೂ ಇಲ್ಲ. ಇಡೀ ದಿನ ಬರೀ ಕೆಟಲ್, ಕೆಟಲ್, ಕೆಟಲ್. ಇಷ್ಟು ಟೀ ಕುಡಿದರೆ ನಿದ್ದೆ ಬರುವುದಿಲ್ಲ. ಹುಷಾರಾಗಿದ್ದೀರಾ?

ಮರ್ವಿನ್


ಮೂಂಟಾ
ನವೆಂಬರ್ 3

ಮರ್ವಿನ್ ರೋವೆಟ್,

ಹುಷಾರಾಗಿದ್ದೇನೆ. ಕಾಗದ ಬರೆದು ಹರಿದು, ಬರೆದು ಹರಿದು, ನಡುನಡುವೆ ಟೀ ಕುಡಿದೆ. ಆವತ್ತು ಯಾರೂ ಬೇಡ ಅನಿಸಿತ್ತು, ಟ್ರೆವರ್‌ಗೂ ಬರಬೇಡ ಅಂದಿದ್ದೆ.

ನಿಮ್ಮ ಕಾಗದವನ್ನು ಅಂಗಡಿಗೆ ಒಯ್ದು ಗ್ಲೆನಿಸ್‌ಗೆ ತೋರಿಸಿದೆ. ಹೌದು, ತೋರಿಸಿದೆ. ಅವಳು ಓದಿ, ಕನ್ನಡಕ ತೆಗೆದು, "ಲೋರ್ನಾ, ಈ ಯಪ್ಪ ಮೂವತ್ತೊಂದು ವರ್ಷ ಮೀಟರ್ ಓದಿದಾನಾ, ಬರೀ ಬೇಲಿ ಹಾರಿದಾನಾ?" ಅಂದಳು.

ಮೀಟರಿಗೆ ಬೇಸಿಗೆ ಗಡಿಯಾರ ಗೊತ್ತಿಲ್ಲ, ಮಾರಾಯರೇ! ಊರೆಲ್ಲ ಅಕ್ಟೋಬರಿನಲ್ಲಿ ಒಂದು ಗಂಟೆ ಮುಂದೆ ಹೋದರೂ ಅದು ಚಳಿಗಾಲದ ಹೊತ್ತಿನಲ್ಲೇ ನಿಂತಿರುತ್ತದೆ. ಅಡುಗೆಮನೆಯಲ್ಲಿ ಒಂದು ಗಂಟೆಯಾದರೆ ಮೀಟರಿನಲ್ಲಿ ಹನ್ನೆರಡು. ಇದನ್ನು ಊರಿಗೆಲ್ಲ ಸಾರಿದವರು ಯಾರು? ಪ್ರತಿ ಅಕ್ಟೋಬರ್ ಬೇಕರಿ ಗಾಜಿಗೆ ನಿಮ್ಮ ಕೈಬರಹದ ಚೀಟಿ ಅಂಟುತ್ತಿತ್ತಲ್ಲ: "ಮೀಟರಿಗೆ ಬೇಸಿಗೆಯಿಲ್ಲ, ಹನ್ನೊಂದರಿಂದ ನಾಲ್ಕು ಅಗ್ಗ, ಮರೆಯಬೇಡಿ." ಈ ವರ್ಷ ಚೀಟಿ ಅಂಟಲಿಲ್ಲ. ನಮಗೂ ಮರೆತುಹೋಯಿತು. ಟ್ರೆವರ್ ಪಾಪ ತನ್ನ ಕೈಗಡಿಯಾರ ನೋಡಿಕೊಂಡು ಹತ್ತಕ್ಕೇ ಸಿಕ್ಕಿಸಿದ. ಹಾಗಾಗಿ ಪ್ರತಿ ಸಲ ಒಂದು ಗಂಟೆ ದುಬಾರಿ ಕರೆಂಟು ಉರಿದಿದೆ. ಪ್ರೀತಿಯಿಂದಲ್ಲ, ನಿಮ್ಮ ಚೀಟಿ ಇಲ್ಲದ್ದರಿಂದ. ಕೆಟಲ್ ಇಟ್ಟಿದ್ದು ನಾನು. ಓವನ್ ಹಚ್ಚಿದ್ದು ನಾನು. ಕೀಲಿ ಯಾರಿಗೂ ಕೊಟ್ಟಿಲ್ಲ.

ನನ್ನನ್ನು ಸುಳ್ಳುಗಾರ್ತಿ ಅಂದಿರಿ. ನಲವತ್ತು ವರ್ಷ ಸಂಸಾರ ಮಾಡಿದ ನನ್ನ ಗಂಡ ಕೂಡ, ದೇವರು ಅವನ ಆತ್ಮವನ್ನು ತಣ್ಣಗಿಟ್ಟಿರಲಿ, ಆ ಮಾತು ಅಂದವನಲ್ಲ.

ಈಗ ಇನ್ನೊಂದು ವಿಷಯ. ಇದು ಯಾವ ಪಟ್ಟಿಯಲ್ಲೂ ಬರುವುದಿಲ್ಲ, ಅದಕ್ಕೇ ಬರೆದು ತಿಳಿಸುತ್ತೇನೆ. ಹೋದ ಶುಕ್ರವಾರ ಟ್ರೆವರ್ ಬಂದಿದ್ದ. ಕಾರು ತಂದಿರಲಿಲ್ಲ, ನಡೆದು ಬಂದಿದ್ದ. ಟೋಪಿ ತೆಗೆದು ಹೇಳಿದ: "ಲೋರ್ನಾ, ನಾನೂ ಒಬ್ಬನೇ, ನೀವೂ ಒಬ್ಬರೇ. ಜೊತೆಗಿರೋಣವಾ?" ಅಷ್ಟೇ ಮಾತು. ಎಣಿಸಿದರೆ ಎರಡು ಕೈಯ ಬೆರಳು ಸಾಕು. ತಿಂಗಳ ಕೊನೆಗೆ ಹೇಳುತ್ತೇನೆ ಅಂದಿದ್ದೇನೆ.

ನಿಮಗೆ ಆರು ವರ್ಷ ಶುಕ್ರವಾರಗಳಿದ್ದವು.

ಲೋರ್ನಾ ಪೆಂಗಿಲಿ


ಮೂಂಟಾ
ನವೆಂಬರ್ 9

ರೋವೆಟ್,

ನಾನು ಕಾಗದ ಬರೆಯುವವನಲ್ಲ. ನಿನ್ನ ವಿಳಾಸ ಗ್ಲೆನಿಸ್ ಕೊಟ್ಟಳು.

ನೀನು ನನ್ನ ಮೇಲೆ ಹೊಟ್ಟೆ ಉರಿದುಕೊಳ್ಳುತ್ತಿದ್ದೀಯಂತೆ. ಕೇಳಿ ನಗು ಬಂತು. ನನ್ನ ಕಥೆ ಕೇಳು. ಶುಕ್ರವಾರ ಅವಳು ಮೂರು ಪಾಸ್ಟಿ ಮಾಡುತ್ತಿದ್ದಳು. ಒಂದು ಅವಳಿಗೆ, ಒಂದು ನನಗೆ. ನನ್ನದು ಬೋಳು, ನುಣ್ಣಗೆ, ಸವತಿ ಮಗನ ತಲೆಯ ಹಾಗೆ. ಮೂರನೆಯದರ ಮೂಲೆಯಲ್ಲಿ ನಿನ್ನ ಅಕ್ಷರ. ಅದನ್ನು ತಣ್ಣಗಾಗಿಸಿ, ಬಟ್ಟೆಯಲ್ಲಿ ಸುತ್ತಿ, ಫ್ರೀಜರಿನಲ್ಲಿಟ್ಟು, ಆಮೇಲೆ ಬಂದು ಊಟಕ್ಕೆ ಕೂರುತ್ತಿದ್ದಳು. ನಿನ್ನ ಆ ಬೆಂಕಿಯ ಕಾಗದ ಬಂದು ಮುಟ್ಟುವ ಹೊತ್ತಿಗೆ ಅಂಥವು ಆರು ಇದ್ದವು. ಒಂದು ದಿನ ಐಸ್ ತೆಗೆಯಲು ಬಾಗಿಲು ತೆರೆದೆ. ಸಾಲಾಗಿ ಕೂತು ಆರೂ ನನ್ನನ್ನೇ ನೋಡುತ್ತಿದ್ದವು.

"ಇವು ಹಳೆಯವಾದವು, ಒಂದು ಬಿಸಿ ಮಾಡಿಕೊಳ್ಳಲಾ?" ಅಂದೆ.

"ಕೈ ಮುರೀತೀನಿ" ಅಂದಳು. ಅವಳು ತಮಾಷೆ ಮಾಡುವಾಗ ಹುಬ್ಬು ಏರಿಸುತ್ತಾಳೆ, ಗೊತ್ತಲ್ಲ. ಆವತ್ತು ಹುಬ್ಬು ಏರಲಿಲ್ಲ.

ಆದರೂ ಕೇಳಿದೆ. ಕೇಳದೆ ಇರುವವರು ಏನಾಗುತ್ತಾರೆ ಅನ್ನುವುದಕ್ಕೆ ನೀನೇ ಕಣ್ಣ ಮುಂದೆ ಇದ್ದೆಯಲ್ಲ.

ತಿಂಗಳ ಕೊನೆಗೆ ಅವಳು ಹೂಂ ಅಂದರೆ ನಾನು ನಿನಗೆ ಇನ್ನೊಂದು ಕಾಗದ ಬರೆಯುವುದಿಲ್ಲ. ಈಗ ಇದನ್ನಾದರೂ ಯಾಕೆ ಬರೆದೆ ಅಂದರೆ, ಗೆದ್ದರೆ ನೆಟ್ಟಗೆ ಗೆಲ್ಲಬೇಕು. ಫ್ರೀಜರಿನಲ್ಲಿ ಆರು ಜನ ಸಾಕ್ಷಿ ಇಟ್ಟುಕೊಂಡು ಗೆದ್ದರೆ ಊಟ ಇಳಿಯುವುದಿಲ್ಲ.

ಟಿ. ನ್ಯಾನ್‌ಕಿವೆಲ್


ಹೋಬಾರ್ಟ್
ನವೆಂಬರ್ 13, ಗುರುವಾರ

ಪ್ರಿಯ ಲೋರ್ನಾ,

ಕ್ಷಮಿಸಿ. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ, ಜ್ಯಾನೀನ್ ಪಕ್ಕದಲ್ಲಿ ನಿಂತು ಬರೆಸಿದಳು ಎಂದುಕೊಳ್ಳಬೇಡಿ. ನಿಂತಿದ್ದಾಳೆ, ಆದರೆ ಬರೆದದ್ದು ನಾನೇ.

ನಾನು ಮೀಟರು ಓದಿದವನು. ಗೋಡೆಯ ಹೊರಗೆ ನಿಂತು, ಒಳಗೆ ಏನು ಉರಿಯುತ್ತಿದೆ ಎಂದು ಲೆಕ್ಕ ಬರೆದುಕೊಂಡು ಮುಂದಿನ ಮನೆಗೆ ಹೋಗುವುದು ನನ್ನ ಕೆಲಸವಾಗಿತ್ತು. ಒಳಗೆ ಬನ್ನಿ ಎಂದು ನೀವು ಕರೆದ ಮೇಲೂ ಆರು ವರ್ಷ ಹಾಗೇ ನಿಂತುಬಿಟ್ಟೆ. ನಿಮ್ಮ ಚಪ್ಪರಕ್ಕೆ ಪ್ಲಗ್ಗು ಹಾಕಿಸಿದ ದಿನ ಕೇಳಬೇಕೆಂದಿದ್ದೆ. ಮಾತು ಗಂಟಲಿಗೆ ಬಂತು. ಬಂದದ್ದು "ಯಾರಿಗಾದರೂ ಬೇಕಾಗಬಹುದು" ಎಂದು ಹೊರಬಿತ್ತು.

ಆ ಪ್ಲಗ್ಗು ನನಗೆ ಬೇಕಾಗಿತ್ತು. ಆ ಕುರ್ಚಿ ನನಗೆ ಬೇಕು. ಏಣಿ ಹತ್ತಲು ಡಾಕ್ಟರು ಬಿಡುವುದಿಲ್ಲ, ಹಿಡಿದುಕೊಳ್ಳಲು ಬಿಡುತ್ತಾರೆ. ಲೋರ್ನಾ, ನನ್ನನ್ನು ಮದುವೆಯಾಗುತ್ತೀರಾ? ಟ್ರೆವರ್‌ಗಿಂತ ಬಹಳ ಮಾತು ಹಿಡಿಯಿತು. ಅವನು ನನಗಿಂತ ಒಳ್ಳೆಯವನು ಎಂಬುದಕ್ಕೆ ನನ್ನ ಹತ್ತಿರ ಲಿಖಿತ ಪುರಾವೆ ಇದೆ, ಬೇಕಾದರೆ ಕಳಿಸುತ್ತೇನೆ. ಆದರೂ ಕೇಳುತ್ತಿದ್ದೇನೆ.

ನಿಮ್ಮ ಕಾಗದಕ್ಕಾಗಿ ಕಾದರೆ ನಾನು ಉಳಿಯುವುದಿಲ್ಲ, ಹೊಸ ಕೀಲು ಮಾತ್ರ ಉಳಿಯುತ್ತದೆ. ಆದ್ದರಿಂದ ಒಂದು ಉಪಕಾರ ಮಾಡಿ. ಒಪ್ಪಿಗೆಯಿದ್ದರೆ ಮುಂದಿನ ಶುಕ್ರವಾರ, 21ರಂದು, ಸಂಜೆ ಆರು ಗಂಟೆಗೆ ಓವನ್ ಹಚ್ಚಿ. ನೀವು ಈ ಜನ್ಮದಲ್ಲಿ ಸಂಜೆ ಆರಕ್ಕೆ ಓವನ್ ಹಚ್ಚಿದವರಲ್ಲ, ಅದು ದುಬಾರಿಯಲ್ಲೇ ದುಬಾರಿ ಹೊತ್ತು. ಆ ಕಂಬ ಎದ್ದರೆ ನಾನು ತಪ್ಪು ಓದುವ ಸಂಭವವಿಲ್ಲ. ಏಳದಿದ್ದರೆ ನಿಮ್ಮ ಲೆಕ್ಕದಿಂದ ನನ್ನ ಇಮೇಲ್ ತೆಗೆಸಿಬಿಡುತ್ತೇನೆ. ಮತ್ತೆ ಓದುವುದಿಲ್ಲ.

ಮರ್ವಿನ್


ಮೂಂಟಾ
ನವೆಂಬರ್ 21, ಶುಕ್ರವಾರ ಸಂಜೆ

ಮರ್ವಿನ್,

ಸಂಜೆ ಆರು ಅಂತ ಬರೆದೆ. ಯಾವ ಆರು? ಮೀಟರಿನ ಆರೋ ಅಡುಗೆಮನೆಯ ಆರೋ ಬರೆಯಲಿಲ್ಲ. ಮತ್ತೆ ಮರೆತೆ. ನಿನ್ನ ಜೊತೆ ಬಾಳುವುದು ಹೇಗಿರುತ್ತದೆ ಅನ್ನುವುದು ಈಗಲೇ ಕಾಣುತ್ತಿದೆ.

ನೀನು ಆರಕ್ಕೆ ನೋಡುತ್ತೀಯೋ ಏಳಕ್ಕೆ ನೋಡುತ್ತೀಯೋ ಗೊತ್ತಾಗದೆ, ಎರಡಕ್ಕೂ ಇರಲಿ ಅಂತ ಆರರಿಂದ ಎಂಟರವರೆಗೆ ಹಚ್ಚಿಟ್ಟಿದ್ದೇನೆ. ಒಂದು ಪಾಸ್ಟಿಗೆ ಎರಡು ಗಂಟೆ ಯಾಕೆ ಅಂತ ಫ್ರೀಜರಿನಲ್ಲಿದ್ದ ಆರನ್ನೂ ತೆಗೆದು ಒಳಗಿಟ್ಟೆ. ಓವನ್ ಒಂದನ್ನೇ ನೋಡಿದರೆ ನಿನಗೆ ಅನುಮಾನ ಬರುತ್ತದೆ, ನೀನು ಅಂಥವನೇ. ಅದಕ್ಕೆ ಹೀಟರು, ಇಸ್ತ್ರಿಪೆಟ್ಟಿಗೆ, ವಾಷಿಂಗ್ ಮೆಷಿನ್ನು, ಕೆಟಲ್ಲು, ಎಲ್ಲವನ್ನೂ ಹಚ್ಚಿದ್ದೇನೆ. ನವೆಂಬರಿನಲ್ಲಿ ಹೀಟರ್ ಹಾಕಿಕೊಂಡು ಬೆವರು ಸುರಿಸುತ್ತಾ ಈ ಕಾಗದ ಬರೆಯುತ್ತಿದ್ದೇನೆ. ಬೀದಿಯಲ್ಲಿ ಹೋಗುತ್ತಿದ್ದ ಗ್ಲೆನಿಸ್ ಕಿಟಕಿಯಲ್ಲಿ ಇಣುಕಿ, "ಏನೇ, ಮನೆಗೆ ಬೆಂಕಿ ಬಿತ್ತಾ?" ಅಂದಳು. ಹೂಂ ಅಂದೆ.

ಟ್ರೆವರ್‌ಗೆ ಬೆಳಿಗ್ಗೆಯೇ ಹೇಳಿದೆ. ಟೋಪಿಯ ಅಂಚು ಒಂದು ಸುತ್ತು ತಿರುಗಿಸಿದ. ಆಮೇಲೆ "ಕಾರು ತರಬಹುದಾ?" ಅಂದ. ತರಬಹುದು ಅಂದೆ. ಮಂಗಳವಾರವೂ ಶುಕ್ರವಾರವೂ ಅವನ ಕಾರು ಇಲ್ಲೇ ನಿಲ್ಲುತ್ತದೆ, ನೀನು ಬಂದ ಮೇಲೂ. ಅವನು ಮೀನು ತರುತ್ತಾನೆ, ನೀನು ಮುಳ್ಳು ಬಿಡಿಸುವುದನ್ನು ಕಲಿಯುತ್ತೀಯ. ಹೊಟ್ಟೆಕಿಚ್ಚು ತಡೆಯಲಾರದೆ ಹೋದರೆ ಪಡು, ಬೇಡ ಅನ್ನುವುದಿಲ್ಲ. ಹನ್ನೊಂದರಿಂದ ನಾಲ್ಕರ ಒಳಗೆ ಪಡು. ಉಳಿದ ಹೊತ್ತಿನಲ್ಲಿ ನನಗೆ ದುಬಾರಿಯಾಗುತ್ತದೆ.

ಕೀಲಿ ಇದರ ಜೊತೆಗಿದೆ. ತಟ್ಟಬೇಡ, ನನಗೆ ಕೇಳಿಸುವುದಿಲ್ಲ.

ಬಾ.

ಲೋರ್ನಾ